ತಜ್ಞರ ಉತ್ತರ: ಧರ್ಮಗಳ ಅಧ್ಯಯನ ಓದಿ ಮಗಳು ಪ್ರೊಫೆಸರ್ ಆಗಬಹುದೇ?

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ ಕಡೆ. ಈಗ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿದ್ದೇವೆ. ನಾನು ಐಟಿಯಲ್ಲಿ ಇದ್ದೇನೆ. ಮಗಳಿಗೆ ಹದಿನೇಳು ವರ್ಷ. ಎ ಲೆವೆಲ್‌ನಲ್ಲಿ, ಅಂದರೆ ಇಲ್ಲಿನ ಪಿಯುಸಿಯಲ್ಲಿ, ರಿಲಿಜಿಯಸ್ ಸ್ಟಡೀಸ್ ತೆಗೆದುಕೊಂಡಿದ್ದಾಳೆ. ಯೂನಿವರ್ಸಿಟಿಯಲ್ಲೂ ಅದನ್ನೇ ಓದಿ, ಆಮೇಲೆ ಎಜುಕೇಶನ್ ಕಡೆ ಹೋಗಿ ಪ್ರೊಫೆಸರ್ ಆಗುತ್ತೇನೆ ಎನ್ನುತ್ತಾಳೆ. ಇದು ಪಾದ್ರಿಗಳು ಓದುವ ವಿಷಯ ಅಲ್ವಾ? ನಾವು ಲಿಂಗಾಯತರು, ಅವಳನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ? ಇಂಥ ಪ್ರೊಫೆಸರ್‌ಗಳು ದಿನವಿಡೀ ಏನು ಮಾಡುತ್ತಾರೆ? ಮುಂದೆ ಬೆಂಗಳೂರಿಗೆ ಬಂದರೆ ಕೆಲಸ ಸಿಗುತ್ತದೆಯೇ? ಅವಳ ಅಮ್ಮನಿಗೆ ಇನ್ನೊಂದು ಚಿಂತೆ. ಎಲ್ಲ ಧರ್ಮವನ್ನೂ ಓದಿ ಕೊನೆಗೆ ತನ್ನದನ್ನೇ ಬಿಟ್ಟುಬಿಟ್ಟರೆ?

ಉತ್ತರ: ಮೊದಲು ಪಾದ್ರಿಗಳ ವಿಚಾರ ಮುಗಿಸಿಬಿಡೋಣ. ನಿಮ್ಮ ಅನುಮಾನ ಅರವತ್ತು ವರ್ಷ ಹಿಂದಿನ ಬ್ರಿಟನ್ನಿಗೆ ಬಹುಮಟ್ಟಿಗೆ ಸರಿಯಾಗಿತ್ತು. ಆಗ ಯೂನಿವರ್ಸಿಟಿಗಳಲ್ಲಿ ಹೆಚ್ಚಾಗಿ ಇದ್ದದ್ದು ಥಿಯಾಲಜಿ. ಅಂದರೆ ಬೈಬಲ್, ಚರ್ಚ್ ಇತಿಹಾಸ, ಕ್ರೈಸ್ತ ಸಿದ್ಧಾಂತ. ಓದಿದವರಲ್ಲಿ ಬಹಳ ಜನ ಚರ್ಚಿಗೇ ಹೋಗುತ್ತಿದ್ದರು. ನಿಮ್ಮ ಮಗಳು ಕೇಳುತ್ತಿರುವುದು ಅದರ ಪಕ್ಕದಲ್ಲಿ ಆಮೇಲೆ ಹುಟ್ಟಿದ ಬೇರೆ ವಿಷಯ. ಅದು ಹೇಗೆ ಹುಟ್ಟಿತು ಎನ್ನುವುದನ್ನು ಒಬ್ಬರ ಬದುಕಿನ ಮೂಲಕ ಹೇಳುತ್ತೇನೆ. ನಿಮ್ಮ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ.

ಅವರು ನಿನಿಯನ್ ಸ್ಮಾರ್ಟ್. 1927ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಹುಟ್ಟಿದರು, ಬೆಳೆದದ್ದು ಗ್ಲಾಸ್ಗೋದಲ್ಲಿ. ತಂದೆ ಖಗೋಳ ವಿಜ್ಞಾನಿ. ಅಣ್ಣ ಜ್ಯಾಕ್ ಆಸ್ಟ್ರೇಲಿಯಾದಲ್ಲಿ ದೊಡ್ಡ ಹೆಸರು ಮಾಡಿದ ತತ್ವಶಾಸ್ತ್ರಜ್ಞ, ದೇವರನ್ನು ನಂಬದವರು. ಒಟ್ಟಿನಲ್ಲಿ ಓದುವವರ ಮನೆ. 1945ರಲ್ಲಿ ನಿನಿಯನ್ ಸೈನ್ಯ ಸೇರಿದರು. ಗುಪ್ತಚರ ವಿಭಾಗದವರು ಅವರನ್ನು ಲಂಡನ್ನಿನಲ್ಲಿ ಚೀನೀ ಭಾಷೆ ಕಲಿಯಲು ಕೂರಿಸಿದರು. ಆಮೇಲೆ ಕಳಿಸಿದ್ದು ಮಾತ್ರ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ! ಸರ್ಕಾರದ ಕೆಲಸ ಎಲ್ಲ ಕಡೆಯೂ ಹೀಗೇ ಇರಬೇಕು. ಆದರೆ ಅದರಿಂದ ಒಂದು ಒಳ್ಳೆಯದಾಯಿತು. ಇಪ್ಪತ್ತರ ಆಸುಪಾಸಿನ ಸ್ಕಾಟಿಷ್ ಹುಡುಗ ಬೌದ್ಧ ಧರ್ಮವನ್ನು ಪುಸ್ತಕದಲ್ಲಿ ಓದುವ ಮೊದಲು ಊರಿನಲ್ಲಿ ನೋಡಿದ. ಸೃಷ್ಟಿಕರ್ತ ದೇವರಿಲ್ಲದೆಯೂ ಒಂದು ಧರ್ಮ ಸಾವಿರಾರು ವರ್ಷ ನಡೆದುಕೊಂಡು ಬರಬಹುದು ಎನ್ನುವುದು ಅವರ ಮುಂದಿನ ಬರಹದಲ್ಲೆಲ್ಲ ಕೆಲಸ ಮಾಡುತ್ತಲೇ ಇತ್ತು.

ವಾಪಸ್ ಬಂದು ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗ್ರೀಕ್, ಲ್ಯಾಟಿನ್ ಮತ್ತು ತತ್ವಶಾಸ್ತ್ರ. ಥಿಯಾಲಜಿ ಓದಲಿಲ್ಲ ಎನ್ನುವುದನ್ನು ಗಮನಿಸಿ. ನಂತರ ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ತತ್ವಶಾಸ್ತ್ರದ ಪಾಠ. ನಡುವೆ ಅಮೆರಿಕದ ಯೇಲ್‌ಗೆ ಹೋಗಿ ಸಂಸ್ಕೃತ ಮತ್ತು ಪಾಳಿ ಕಲಿತರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿದ್ದಾಗ, 1958ರಲ್ಲಿ ಮೊದಲ ಪುಸ್ತಕ ಬಂತು. 1960ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಅತಿಥಿ ಉಪನ್ಯಾಸಕರಾಗಿ ಹೋಗಿದ್ದರು. 1961ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರೊಫೆಸರ್ ಆದಾಗ ವಯಸ್ಸು ಮೂವತ್ತನಾಲ್ಕು. ಆ ಹುದ್ದೆಯ ಹೆಸರಿನಲ್ಲಿ ಇನ್ನೂ ಥಿಯಾಲಜಿ ಎಂದೇ ಇತ್ತು. ಅಲ್ಲಿ ಕೂತು ಅವರು ಬರೆದದ್ದು ಭಾರತೀಯ ದರ್ಶನಗಳ ಮೇಲೊಂದು ಪುಸ್ತಕ, 1964ರಲ್ಲಿ ಬಂತು. ಹೊಂದಿಕೆಯಾಗದ ಕುರ್ಚಿಯಲ್ಲಿ ಕೂತವರು ಮಾಡುವ ಕೆಲಸ ಒಮ್ಮೊಮ್ಮೆ ಬಹಳ ಚೆನ್ನಾಗಿರುತ್ತದೆ.

1967ರಲ್ಲಿ ಲ್ಯಾಂಕಾಸ್ಟರ್. ಅದು ಆಗಷ್ಟೇ ಕಟ್ಟಿದ ಹೊಸ ಯೂನಿವರ್ಸಿಟಿ, 1964ರದ್ದು. ಅಲ್ಲಿ ಥಿಯಾಲಜಿ ಬೇಡ, ಎಲ್ಲ ಧರ್ಮಗಳನ್ನೂ ಓದುವ ವಿಭಾಗ ಇರಲಿ ಎಂದು ಯೂನಿವರ್ಸಿಟಿಯವರು ತೀರ್ಮಾನಿಸಿದರು. ಪ್ರೊಫೆಸರ್ ಆಗುವವರು ಯಾವ ಧರ್ಮದವರಾದರೂ ಆಗಬಹುದು, ಯಾವುದನ್ನೂ ನಂಬದವರೂ ಆಗಬಹುದು ಎನ್ನುವುದು ಅವರ ನಿಲುವು. ಆ ಕಾಲದ ಬ್ರಿಟನ್ನಿಗೆ ಇದು ಸಣ್ಣ ಮಾತಲ್ಲ. ಸ್ಮಾರ್ಟ್ ಆ ವಿಭಾಗದ ಮೊದಲ ಪ್ರೊಫೆಸರ್. "ನಾವು ಲಿಂಗಾಯತರು, ಯಾರು ತೆಗೆದುಕೊಳ್ಳುತ್ತಾರೆ" ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಆ ವರ್ಷದಿಂದಲೇ ಶುರುವಾಗುತ್ತದೆ. ಚರ್ಚ್ ನಡೆಸುವ ಕೆಲವು ಕಾಲೇಜುಗಳಲ್ಲಿ ಕೆಲವು ಹುದ್ದೆಗಳಿಗೆ ಇಂದಿಗೂ ಕ್ರೈಸ್ತರೇ ಬೇಕು. ಅದನ್ನು ಬಿಟ್ಟರೆ ಉಳಿದ ಕಡೆ ಅರ್ಜಿಯಲ್ಲಿ ನಿಮ್ಮ ನಂಬಿಕೆ ಕೇಳಿ ಕೆಲಸ ಕೊಡುವಂತಿಲ್ಲ.

ಸ್ಮಾರ್ಟ್ ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ. ಒಂದು ಧರ್ಮವನ್ನು ತಿಳಿಯಬೇಕಾದರೆ ಅದರ ಸಿದ್ಧಾಂತ ಒಂದನ್ನೇ ನೋಡಿದರೆ ಸಾಲದು. ಆಚರಣೆ ನೋಡಿ, ಕಥೆ ಪುರಾಣ ನೋಡಿ, ನೀತಿ ನಿಯಮ ನೋಡಿ. ಜನ ಹೇಗೆ ಗುಂಪುಕಟ್ಟಿಕೊಂಡಿದ್ದಾರೆ, ಅವರಿಗೆ ಏನು ಅನುಭವವಾಗುತ್ತದೆ ಅದನ್ನೂ ನೋಡಿ. ಮೊದಲು ಅವರು ಹೇಳಿದ್ದು ಇಂಥ ಆರು ಮುಖ. ಗುಡಿ, ಮೂರ್ತಿ, ಚಿತ್ರ, ಯಾತ್ರಾಸ್ಥಳ ಇವನ್ನೆಲ್ಲ ಏಳನೆಯದಾಗಿ ಆಮೇಲೆ ಸೇರಿಸಿದರು. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ತರಗತಿಯಲ್ಲಿ ಕೂತಿರುವಷ್ಟು ಹೊತ್ತು "ಇದು ಸತ್ಯವೋ ಸುಳ್ಳೋ" ಎಂಬ ತೀರ್ಪನ್ನು ಬದಿಗಿಡಿ. ನಂಬುವವನು ಏನು ನೋಡುತ್ತಿದ್ದಾನೋ ಅದನ್ನು ಮೊದಲು ನೋಡಲು ಕಲಿಯಿರಿ. ನಿಮ್ಮ ಮಗಳು ಎ ಲೆವೆಲ್‌ನಲ್ಲಿ ಈಗಾಗಲೇ ಇದನ್ನು ಕೇಳಿರುತ್ತಾಳೆ. ಅವಳನ್ನೇ ಕೇಳಿ ನೋಡಿ.

ಇಲ್ಲಿಯವರೆಗೆ ಧರ್ಮಗಳ ಅಧ್ಯಯನ ಆಯಿತು. ಎಜುಕೇಶನ್ ಎಲ್ಲಿಂದ ಬಂತು? ನಿಮ್ಮ ಮಗಳ ಭವಿಷ್ಯದ ದೃಷ್ಟಿಯಿಂದ ನೀವು ಗಟ್ಟಿಯಾಗಿ ತಿಳಿದುಕೊಳ್ಳಬೇಕಾದದ್ದು ಇದನ್ನೇ.

ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 1944ರಲ್ಲಿ ಒಂದು ಶಿಕ್ಷಣ ಕಾಯ್ದೆ ಬಂತು. ಅದರ ಪ್ರಕಾರ ಶಾಲೆಯಲ್ಲಿ ಕಡ್ಡಾಯವಾಗಿದ್ದ ಪಾಠ ಒಂದೇ, ಧರ್ಮದ ಪಾಠ. ಗಣಿತಕ್ಕೂ ಇಂಗ್ಲಿಷಿಗೂ ಕಾನೂನಿನ ಕಡ್ಡಾಯ ಇರಲಿಲ್ಲ ಎಂದರೆ ನಗು ಬರುತ್ತದೆ, ಆದರೆ ನಿಜ. ಪಠ್ಯಕ್ರಮವನ್ನು ಆಯಾ ಊರಿನ ಶಿಕ್ಷಣ ಆಡಳಿತವೇ ಒಂದು ಸಮ್ಮೇಳನ ಕರೆದು ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಂಡದ್ದಕ್ಕೆ ಅಗ್ರೀಡ್ ಸಿಲಬಸ್ ಎಂದು ಹೆಸರು. ಬೇಡವೆನ್ನುವ ತಂದೆತಾಯಿ ಮಗುವನ್ನು ಆ ಪಾಠದಿಂದ ಬಿಡಿಸಿಕೊಳ್ಳಬಹುದು. ಆಗ ಧರ್ಮದ ಪಾಠ ಎಂದರೆ ಬೈಬಲ್ ಪಾಠ ಎಂದೇ ಎಲ್ಲರೂ ತಿಳಿದಿದ್ದರು. ಅದನ್ನು ಕಾಯ್ದೆಯಲ್ಲಿ ಬರೆಯುವ ಅಗತ್ಯವೂ ಕಂಡಿರಲಿಲ್ಲ.

ಐವತ್ತು ಅರವತ್ತರ ದಶಕದಲ್ಲಿ ಪಂಜಾಬಿನಿಂದ, ಪಾಕಿಸ್ತಾನದಿಂದ, ಕೆರಿಬಿಯನ್ ದ್ವೀಪಗಳಿಂದ ಜನ ಬಂದರು. ಆಮೇಲೆ ಪೂರ್ವ ಆಫ್ರಿಕಾದಿಂದ ಗುಜರಾತಿಗಳು ಬಂದರು. ಬರ್ಮಿಂಗ್‌ಹ್ಯಾಮ್, ಲೆಸ್ಟರ್, ಕವೆಂಟ್ರಿಯ ತರಗತಿಗಳಲ್ಲಿ ಪಗಡಿ ಕಟ್ಟಿದ ಹುಡುಗರು ಕೂತರು. ಟೀಚರ್‌ಗೆ ಸಿಖ್ ಧರ್ಮದ ಗಂಧಗಾಳಿಯೂ ಇಲ್ಲ. ಪಾಠ ಮಾತ್ರ ಕಡ್ಡಾಯ. ಈ ಬಿಕ್ಕಟ್ಟಿನಲ್ಲಿ ಶಾಲೆಗಳು ಯೂನಿವರ್ಸಿಟಿಯ ಕಡೆ ತಿರುಗಿದವು. 1969ರಲ್ಲಿ ಲೇಕ್ ಡಿಸ್ಟ್ರಿಕ್ಟ್ ಹತ್ತಿರದ ಶಾಪ್ ಎನ್ನುವ ಜಾಗದಲ್ಲಿ ಪ್ರೊಫೆಸರುಗಳು ಮತ್ತು ಶಾಲಾ ಶಿಕ್ಷಕರು ಒಟ್ಟಿಗೆ ಕೂತರು. ಅಲ್ಲಿಂದ ಶಾಪ್ ವರ್ಕಿಂಗ್ ಪಾರ್ಟಿ ಎಂಬ ಗುಂಪು ಹುಟ್ಟಿತು. ಸ್ಮಾರ್ಟ್ ಅದರ ಮುಖ್ಯ ಸ್ಥಾಪಕರಲ್ಲಿ ಒಬ್ಬರು. ಎಲ್ಲ ಧರ್ಮಗಳ ಹಬ್ಬಗಳ ಕ್ಯಾಲೆಂಡರ್ ಮಾಡಿ ಶಾಲೆಗಳಿಗೆ ಕಳಿಸುತ್ತಿದ್ದವರು ಇವರೇ. ದೀಪಾವಳಿ ಯಾವತ್ತು ಎಂದು ಇಂಗ್ಲಿಷ್ ಟೀಚರ್‌ಗೆ ಮೊದಲು ಗೊತ್ತಾದದ್ದು ಎಷ್ಟೋ ಶಾಲೆಗಳಲ್ಲಿ ಈ ಕ್ಯಾಲೆಂಡರ್‌ನಿಂದ.

ಅದೇ 1969ರಲ್ಲಿ ಸ್ಕೂಲ್ಸ್ ಕೌನ್ಸಿಲ್ ಎಂಬ ಸರ್ಕಾರಿ ನೆರವಿನ ಸಂಸ್ಥೆ ಲ್ಯಾಂಕಾಸ್ಟರ್‌ನಲ್ಲಿ ಒಂದು ಯೋಜನೆ ಶುರುಮಾಡಿತು. ನಿರ್ದೇಶಕರು ಸ್ಮಾರ್ಟ್. 1971ರಲ್ಲಿ ಅದರ ವರದಿ ಬಂತು, ವರ್ಕಿಂಗ್ ಪೇಪರ್ 36 ಎಂದೇ ಎಲ್ಲರೂ ಕರೆಯುತ್ತಾರೆ. ಮಕ್ಕಳನ್ನು ಒಂದು ನಂಬಿಕೆಗೆ ತರುವುದು ಶಾಲೆಯ ಕೆಲಸ ಅಲ್ಲ, ಧರ್ಮ ಎಂದರೇನೆಂದು ಅರ್ಥ ಮಾಡಿಸುವುದು ಅದರ ಕೆಲಸ ಎಂದು ಆ ವರದಿ ಹೇಳಿತು. 1975ರಲ್ಲಿ ಬರ್ಮಿಂಗ್‌ಹ್ಯಾಮ್ ನಗರ ಇದೇ ದಾರಿಯಲ್ಲಿ ಹೊಸ ಸಿಲಬಸ್ ತಂದಿತು. ಅದರಲ್ಲಿ ಹಲವು ಧರ್ಮಗಳ ಜೊತೆಗೆ ಕಮ್ಯುನಿಸಂ ಕೂಡ ಇತ್ತು! ದೊಡ್ಡ ಗಲಾಟೆಯಾಯಿತು. ಆದರೂ ಗಾಳಿ ತಿರುಗಿತ್ತು. 1988ರ ಕಾಯ್ದೆ ಇದನ್ನು ಅರ್ಧ ಒಪ್ಪಿಕೊಂಡಿತು. ಬ್ರಿಟನ್ನಿನ ಪರಂಪರೆ ಮುಖ್ಯವಾಗಿ ಕ್ರೈಸ್ತ ಎನ್ನುವುದನ್ನು ಸಿಲಬಸ್ ತೋರಿಸಬೇಕು, ದೇಶದಲ್ಲಿರುವ ಇತರ ಮುಖ್ಯ ಧರ್ಮಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅದು ಹೇಳಿತು. ನಿಮ್ಮ ಮಗಳು ಪ್ರೈಮರಿಯಲ್ಲಿ ಗುರುದ್ವಾರಕ್ಕೆ ಪ್ರವಾಸ ಹೋಗಿದ್ದರೆ, ಅದರ ಹಿಂದೆ ಇಷ್ಟೆಲ್ಲ ಇದೆ.

ನಾನು ಹೇಳಬೇಕೆಂದಿರುವುದು ಇಷ್ಟು: ಈ ವಿಷಯದ ಪ್ರೊಫೆಸರ್ ಕುರ್ಚಿ ನಿಂತಿರುವುದು ಶಾಲೆಯ ಕಾನೂನಿನ ಮೇಲೆ. ಕಾನೂನು ಪಾಠವನ್ನು ಕಡ್ಡಾಯ ಮಾಡಿದರೆ ಟೀಚರ್ ಬೇಕು. ಟೀಚರ್‌ಗೆ ತರಬೇತಿ ಬೇಕು. ತರಬೇತಿ ಕೊಡಲು ಲೆಕ್ಚರರ್ ಬೇಕು, ಅವರಿಗೆ ಸಂಶೋಧನೆ ಬೇಕು. ಅಮೆರಿಕದಲ್ಲೂ ಹೀಗೇ ಆಯಿತು. 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶೆಂಪ್ ಪ್ರಕರಣದಲ್ಲಿ ಸರ್ಕಾರಿ ಶಾಲೆಯಲ್ಲಿ ಬೈಬಲ್ ವಾಚನ ನಿಲ್ಲಿಸಿತು. ಅದೇ ತೀರ್ಪಿನಲ್ಲಿ, ಧರ್ಮಗಳನ್ನು ವಿಷಯವಾಗಿ ಓದಿಸುವುದಕ್ಕೆ ಅಡ್ಡಿಯಿಲ್ಲ ಎಂದಿತು. ಆ ಒಂದು ಮಾತಿನ ಬಲದ ಮೇಲೆ ಎಷ್ಟೋ ಸರ್ಕಾರಿ ಯೂನಿವರ್ಸಿಟಿಗಳು ವಿಭಾಗ ತೆರೆದವು. ಸ್ಮಾರ್ಟ್ ಕೂಡ ಎಪ್ಪತ್ತರ ದಶಕದ ಕೊನೆಯಿಂದ ವರ್ಷದ ಒಂದು ಭಾಗ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಪಾಠ ಮಾಡತೊಡಗಿದರು. ಅದೂ ಸರ್ಕಾರಿ ಯೂನಿವರ್ಸಿಟಿಯೇ. 2001ರಲ್ಲಿ ತೀರಿಕೊಂಡರು.

ದಿನವಿಡೀ ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ಸ್ಮಾರ್ಟ್ ಅದಕ್ಕೆ ಒಳ್ಳೆಯ ಉದಾಹರಣೆಯಲ್ಲ, ಅವರು ಮೇಲಿನಿಂದ ಶಾಲೆಗೆ ಇಳಿದವರು. ನಿಮ್ಮ ಮಗಳು ಹೇಳುತ್ತಿರುವ ದಾರಿಯಲ್ಲಿ ಹೆಚ್ಚಿನವರು ಶಾಲೆಯಿಂದ ಮೇಲಕ್ಕೆ ಹೋಗುತ್ತಾರೆ. ಅದಕ್ಕೆ ಜಾನ್ ಹಲ್ ಸರಿಯಾದ ಉದಾಹರಣೆ.

ಹಲ್ 1935ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದರು. ಕೇಂಬ್ರಿಡ್ಜ್‌ಗೆ ಬಂದು ಥಿಯಾಲಜಿ ಓದಿದರು, ಶಾಲೆಯಲ್ಲಿ ಧರ್ಮದ ಪಾಠ ಮಾಡಿದರು, ಶಿಕ್ಷಕರ ತರಬೇತಿ ಕಾಲೇಜಿಗೆ ಹೋದರು, 1968ರಲ್ಲಿ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯ ಶಿಕ್ಷಣ ವಿಭಾಗ ಸೇರಿದರು. ಅಲ್ಲಿಂದ ಪ್ರೊಫೆಸರ್ ಆಗಲು 1989ರವರೆಗೆ ಕಾಯಬೇಕಾಯಿತು. ರಿಲಿಜಿಯಸ್ ಎಜುಕೇಶನ್ ಎಂಬ ಹೆಸರಿನ ಪ್ರೊಫೆಸರ್ ಹುದ್ದೆ ಬ್ರಿಟನ್ನಿನಲ್ಲಿ ಪಡೆದವರಲ್ಲಿ ಅವರೇ ಮೊದಲಿಗರು. ಇಪ್ಪತ್ತು ವರ್ಷ! ಮಗಳಿಗೆ ಇದನ್ನು ಓದಿ ಹೇಳಿ. ಈ ನಡುವೆ, 1980ರ ದಶಕದ ಆರಂಭದಲ್ಲಿ ಅವರ ಕಣ್ಣು ಪೂರ್ತಿ ಹೋಯಿತು. ಚಿಕ್ಕಂದಿನಿಂದಲೂ ಕಣ್ಣಿನ ತೊಂದರೆ ಇತ್ತು. ಪಾಠ ನಿಲ್ಲಿಸಲಿಲ್ಲ. ಟಿಪ್ಪಣಿಯಿಲ್ಲದೆ ಉಪನ್ಯಾಸ ಕೊಡುವುದನ್ನು ಹೊಸದಾಗಿ ರೂಢಿಮಾಡಿಕೊಂಡರು. ಕುರುಡುತನದ ಬಗ್ಗೆ ಕ್ಯಾಸೆಟ್‌ನಲ್ಲಿ ದಿನಚರಿ ಹೇಳಿ ಇಟ್ಟರು. ಅದು 1990ರಲ್ಲಿ ಪುಸ್ತಕವಾಗಿ ಬಂದು, ಅವರ ವಿಷಯದ ಗಂಧವೇ ಇಲ್ಲದವರೂ ಓದಿದರು. ಡೀನ್ ಕೂಡ ಆದರು.

ಅವರ ಕೆಲಸದ ಪಟ್ಟಿ ನೋಡಿದರೆ ಈ ವೃತ್ತಿ ಏನೆಂದು ತಿಳಿಯುತ್ತದೆ. ಮುಂದೆ ಟೀಚರ್ ಆಗುವವರಿಗೆ ಪಾಠ. ಅವರು ಶಾಲೆಗೆ ಪ್ರಾಕ್ಟೀಸ್‌ಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಕೂತು ನೋಡುವುದು. ಪಿಎಚ್‌ಡಿ ವಿದ್ಯಾರ್ಥಿಗಳು. ಒಂದು ಸಂಶೋಧನಾ ಪತ್ರಿಕೆಗೆ 1971ರಿಂದ 1996ರವರೆಗೆ ಸಂಪಾದಕತ್ವ. 1978ರಲ್ಲಿ ಬೇರೆ ಬೇರೆ ದೇಶದ ಇಂಥ ಸಂಶೋಧಕರನ್ನು ಸೇರಿಸುವ ಒಂದು ಸೆಮಿನಾರ್ ಕಟ್ಟಿದರು, ಅದು ಇಂದಿಗೂ ನಡೆಯುತ್ತಿದೆ. ಕಾಯ್ದೆ ಬಂದಾಗ ಸಾರ್ವಜನಿಕ ಜಗಳ. 1988ರ ಹೊತ್ತಿನಲ್ಲಿ ಕೆಲವರು "ಎಲ್ಲ ಧರ್ಮ ಕಲಸಿ ಕಿಚಡಿ ಮಾಡುತ್ತಿದ್ದೀರಿ" ಎಂಬ ಅರ್ಥದಲ್ಲಿ ದೂರುತ್ತಿದ್ದರು. ಈ ಕಲಬೆರಕೆಯ ಮಾತಿನ ಹಿಂದೆ ಇರುವುದು ಮಡಿ ಮೈಲಿಗೆಯ ಭಯ ಎಂದು ಹಲ್ ಒಂದು ಕಿರುಪುಸ್ತಕವನ್ನೇ ಬರೆದರು. ನಮ್ಮವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು.

ನನಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಚಿಕ್ಕ ಮಕ್ಕಳಿಗಾಗಿ ಮಾಡಿದ್ದು. ಹಲ್, ಮೈಕಲ್ ಗ್ರಿಮಿಟ್ ಮತ್ತು ಸಂಗಡಿಗರು 1991ರಲ್ಲಿ ಪ್ರೈಮರಿ ಟೀಚರ್‌ಗಳಿಗೆ ಒಂದು ಕೈಪಿಡಿ ತಂದರು. ಇಡೀ ಧರ್ಮವನ್ನು ಮಗುವಿನ ಮುಂದೆ ಸುರಿಯಬೇಡಿ, ಒಂದೇ ಒಂದು ವಸ್ತು ಅಥವಾ ಒಂದು ದನಿ ಇಡಿ ಎಂದರು. ಒಂದು ಪಾಠ ಗಣೇಶನ ಮೂರ್ತಿ. ಇನ್ನೊಂದು ಮಸೀದಿಯ ಬಾಂಗ್. ಮತ್ತೊಂದು ಗುರು ನಾನಕರ ಹಾಡು. ಮಗು ಹತ್ತಿರ ಬಂದು ನೋಡಲಿ, ಕೇಳಲಿ. ಅದೇ ಸಮಯಕ್ಕೆ "ಇದು ಅವರದು, ನನ್ನದಲ್ಲ" ಎಂದು ಒಂದು ಹೆಜ್ಜೆ ಹಿಂದೆ ನಿಲ್ಲಲೂ ಜಾಗ ಇರಲಿ. ತರಗತಿಯಲ್ಲಿ ಹಿಂದೂ ಮಗು ಇದ್ದರೆ ಅದು "ಇದು ನಮ್ಮನೇದು" ಎನ್ನಲಿ. ಪಾಠ ಕೇಳಿದ ಕ್ರೈಸ್ತ ಮಗುವಿನ ಅಪ್ಪ ಅಮ್ಮನಿಗೂ ಭಯವಿಲ್ಲ, ಗಣೇಶನಿಗೂ ಅವಮಾನವಿಲ್ಲ. ಕ್ರೈಸ್ತ ಥಿಯಾಲಜಿ ಓದಿದ ವ್ಯಕ್ತಿಯೊಬ್ಬರು ಗಣಪತಿಯ ಬಗ್ಗೆ ಇಷ್ಟು ಜಾಗ್ರತೆಯಿಂದ ಯೋಚಿಸಿದ್ದಾರೆ ಎನ್ನುವುದನ್ನು ನಿಮ್ಮ ಮನೆಯವರಿಗೂ ಹೇಳಿ.

ನೀವು ಮಿಡ್‌ಲ್ಯಾಂಡ್ಸ್‌ನಲ್ಲಿ ಇದ್ದೀರಿ, ಹಾಗಾಗಿ ವಾರಿಕ್ ಯೂನಿವರ್ಸಿಟಿಯ ಮಾತನ್ನೂ ಸೇರಿಸುತ್ತೇನೆ. ರಾಬರ್ಟ್ ಜ್ಯಾಕ್ಸನ್ ಮತ್ತು ಎಲೀನರ್ ನೆಸ್ಬಿಟ್ ಎಂಬ ಇಬ್ಬರು ಅಲ್ಲಿನ ಶಿಕ್ಷಣ ಸಂಸ್ಥೆಯಲ್ಲಿ ಇದ್ದರು. ಎಂಬತ್ತರ ದಶಕದಲ್ಲಿ ಇವರು ಕವೆಂಟ್ರಿಯ ಹಿಂದೂ ಮಕ್ಕಳ ಮನೆ, ಗುಡಿ, ನೃತ್ಯದ ಕ್ಲಾಸು, ಭಾಷೆಯ ಕ್ಲಾಸು ಎಲ್ಲ ಕಡೆ ಹೋಗಿ ಕೂತರು. ಮಕ್ಕಳನ್ನೇ ಮಾತಾಡಿಸಿದರು. 1993ರಲ್ಲಿ ಬ್ರಿಟನ್ನಿನ ಹಿಂದೂ ಮಕ್ಕಳ ಮೇಲೆ ಇಬ್ಬರೂ ಸೇರಿ ಪುಸ್ತಕ ಬರೆದರು. 1994ರಲ್ಲಿ ಜ್ಯಾಕ್ಸನ್ ಅಲ್ಲೊಂದು ಸಂಶೋಧನಾ ಘಟಕ ಕಟ್ಟಿದರು. ನೆಸ್ಬಿಟ್ ಅದಕ್ಕೂ ಮುಂಚೆ ನೈನಿತಾಲ್‌ನ ಶಾಲೆಯೊಂದರಲ್ಲಿ ಪಾಠ ಮಾಡಿದವರು, ಆಮೇಲೆ ಧರ್ಮಗಳು ಮತ್ತು ಶಿಕ್ಷಣ ಎಂಬ ವಿಷಯದಲ್ಲೇ ಪ್ರೊಫೆಸರ್ ಆದರು. ನಿಮ್ಮ ಮಗಳು ಬಯಸುತ್ತಿರುವ ಹುದ್ದೆಯ ಹೆಸರು ಅಕ್ಷರಶಃ ಅದೇ.

ಇವರು ಏನು ಕಂಡುಕೊಂಡರು? ಪಠ್ಯಪುಸ್ತಕದ ಧರ್ಮ ಬೇರೆ, ಮನೆಯ ಧರ್ಮ ಬೇರೆ. ನೆಸ್ಬಿಟ್ ಅವರ ಒಂದು ಪ್ರಕಟಣೆಗೆ "ಅಪ್ಪ ಹಿಂದೂ, ಅಮ್ಮನ ಕಡೆಯವರು ಸಿಖ್ಖರು" ಎಂಬ ಅರ್ಥದ ತಲೆಬರಹ ಇದೆ. ಸಿಖ್ ಧರ್ಮ, ಹಿಂದೂ ಧರ್ಮ ಎಂದು ಪುಸ್ತಕ ಎರಡು ಅಧ್ಯಾಯ ಮಾಡಿದರೆ ಆ ಮಗು ಯಾವ ಅಧ್ಯಾಯದಲ್ಲಿ ಕೂರಬೇಕು? ಕವೆಂಟ್ರಿಯ ವಾಲ್ಮೀಕಿ ಮತ್ತು ರವಿದಾಸಿ ಸಮುದಾಯದ ಮಕ್ಕಳ ನಡುವೆಯೂ ಅವರು ಕೆಲಸ ಮಾಡಿದ್ದಾರೆ. ಜ್ಯಾಕ್ಸನ್ ಇದರಿಂದ ಒಂದು ಬೋಧನಾ ವಿಧಾನ ಕಟ್ಟಿ 1997ರಲ್ಲಿ ಪುಸ್ತಕ ಮಾಡಿದರು. ದೊಡ್ಡ ಪರಂಪರೆ, ಅದರೊಳಗಿನ ಗುಂಪು, ಆ ಗುಂಪಿನ ಒಬ್ಬ ಮನುಷ್ಯ, ಈ ಮೂರನ್ನೂ ಒಟ್ಟಿಗೆ ತೋರಿಸಿ ಎನ್ನುವುದು ಅದರ ಒಂದು ತಿರುಳು. ನಿಮ್ಮ ಮಗಳಿಗೆ ಇದು ಮೊದಲೇ ಗೊತ್ತಿರುವ ವಿಷಯ. ಶಾಲೆಯ ಪುಸ್ತಕದಲ್ಲಿ ಹಿಂದೂ ಎಂದರೆ ದೇವಸ್ಥಾನ, ಆರತಿ, ಗಂಗೆಯಲ್ಲಿ ಅಸ್ಥಿ. ಮನೆಯಲ್ಲಿ ಅಜ್ಜಿ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ಸತ್ತವರನ್ನು ಹೂಳುತ್ತಾರೆ. ಲಿಂಗಾಯತಳಾಗಿರುವುದು ಅವಳಿಗೆ ಅಡ್ಡಿ ಎಂದು ನೀವು ಅಂದುಕೊಂಡಿದ್ದೀರಿ. ನನ್ನ ಲೆಕ್ಕದಲ್ಲಿ ಸಂಶೋಧನೆಗೆ ಕೂತಾಗ ಅವಳ ದೊಡ್ಡ ಬಂಡವಾಳವೇ ಅದು. ಕನ್ನಡವನ್ನು ಓದಿ ಬರೆಯುವಷ್ಟು ಕಲಿಸಿ. ವಚನಗಳನ್ನು ಮೂಲದಲ್ಲಿ ಓದಬಲ್ಲವರು ಆ ವಿಭಾಗಗಳಲ್ಲಿ ಸಿಗುವುದು ಅಪರೂಪ.

ಈಗ ಕಹಿ ಮಾತು. ಶಾಲೆಯ ಮೇಲೆ ನಿಂತ ಕುರ್ಚಿ ಎಂದೆನಲ್ಲ, ಶಾಲೆ ಅಲ್ಲಾಡಿದರೆ ಅದೂ ಅಲ್ಲಾಡುತ್ತದೆ. 2012ರಲ್ಲಿ ಇಂಗ್ಲೆಂಡಿನ ಕಾಲೇಜು ಫೀಸು 9,000 ಪೌಂಡ್‌ವರೆಗೆ ಏರಿತು. ಅಂದಿನಿಂದ ಥಿಯಾಲಜಿ ಮತ್ತು ಧರ್ಮಗಳ ಅಧ್ಯಯನಕ್ಕೆ ಸೇರುವವರು ಕಡಿಮೆಯಾಗುತ್ತಾ ಬಂದಿದ್ದಾರೆ. ಫೀಸು ಜಾಸ್ತಿಯಾದರೆ ಅಪ್ಪಂದಿರು ನಿಮ್ಮ ಹಾಗೆ ಪ್ರಶ್ನೆ ಕೇಳುತ್ತಾರೆ, ತಪ್ಪಿಲ್ಲ. ವಿಭಾಗಗಳು ಸಣ್ಣದಾಗಿವೆ, ಕೆಲವು ಬೇರೆ ವಿಭಾಗದೊಳಗೆ ಸೇರಿಹೋಗಿವೆ. 1614ರಲ್ಲಿ ಜೆಸ್ಯುಟರು ಎಂಬ ಕ್ಯಾಥೊಲಿಕ್ ಸಂಘದವರು ಶುರುಮಾಡಿದ್ದ ಲಂಡನ್ನಿನ ಹೀಥ್ರಾಪ್ ಕಾಲೇಜು 2018ರಲ್ಲಿ ಬಾಗಿಲು ಹಾಕಿತು. ಪ್ರೊಫೆಸರ್ ಆಗುವೆ ಎಂದು ಹೊರಟವರಲ್ಲಿ ಹೆಚ್ಚಿನವರು ಆಗುವುದಿಲ್ಲ, ಇದು ಎಲ್ಲ ವಿಷಯಕ್ಕೂ ಇರುವ ಮಾತು. ಇಲ್ಲಿ ಕುರ್ಚಿಗಳೇ ಕಡಿಮೆ.

ಆದರೆ ಕೆಳಗಿನ ಮೆಟ್ಟಿಲು ಗಟ್ಟಿಯಾಗಿದೆ. ಆರ್‌ಇ, ಅಂದರೆ ರಿಲಿಜಿಯಸ್ ಎಜುಕೇಶನ್ ಟೀಚರ್‌ಗಳು ಸಾಕಷ್ಟು ಸಿಗುತ್ತಿಲ್ಲ. ಸರ್ಕಾರ ಹಾಕಿಕೊಂಡ ತರಬೇತಿ ಗುರಿ ಹೆಚ್ಚಿನ ವರ್ಷಗಳಲ್ಲಿ ತಪ್ಪುತ್ತಾ ಬಂದಿದೆ. ಎಷ್ಟೋ ಶಾಲೆಗಳಲ್ಲಿ ಇತಿಹಾಸದ ಟೀಚರೋ ಪಿಟಿ ಟೀಚರೋ ಬಂದು ಆರ್‌ಇ ಪಾಠ ಮಾಡಿ ಹೋಗುತ್ತಾರೆ. ಹಾಗಾಗಿ ನಾನು ಹೇಳುವ ದಾರಿ ಹೀಗೆ. ಬಿಎ ಮುಗಿಸಿ ಪಿಜಿಸಿಇ ಎಂಬ ಒಂದು ವರ್ಷದ ಶಿಕ್ಷಕ ತರಬೇತಿ ಮಾಡಲಿ, ಅರ್ಹ ಶಿಕ್ಷಕಿ ಎಂಬ ಮಾನ್ಯತೆ ಕೈಯಲ್ಲಿರಲಿ. ಕೆಲವು ವರ್ಷ ಶಾಲೆಯಲ್ಲಿ ದುಡಿಯಲಿ. ಶಿಕ್ಷಣ ವಿಭಾಗದಲ್ಲಿ ಕೆಲಸ ಕೊಡುವವರು ನೋಡುವುದು ಇದನ್ನೇ. ಎಂಟನೇ ತರಗತಿಯ ಮೂವತ್ತು ಮಕ್ಕಳನ್ನು ಶುಕ್ರವಾರ ಮಧ್ಯಾಹ್ನ ನಿಭಾಯಿಸದವರು ಟೀಚರ್‌ಗಳಿಗೆ ಪಾಠ ಹೇಳಿದರೆ ಯಾರು ಕೇಳುತ್ತಾರೆ? ಎಂಎ ಅನ್ನು ಕೆಲಸದ ಜೊತೆಗೇ ಅರೆಕಾಲಿಕವಾಗಿ ಮಾಡಬಹುದು. ಆಕ್ಸ್‌ಫರ್ಡ್‌ನ ಫಾರ್ಮಿಂಗ್ಟನ್ ಇನ್‌ಸ್ಟಿಟ್ಯೂಟ್ ಆರ್‌ಇ ಟೀಚರ್‌ಗಳಿಗೇ ಸಂಶೋಧನೆಗೆಂದು ನೆರವು ಕೊಡುತ್ತದೆ, ಅದು ಒಳ್ಳೆಯ ಬಾಗಿಲು. ಆಮೇಲೆ ಪಿಎಚ್‌ಡಿ. ಲೆಕ್ಚರರ್, ಸೀನಿಯರ್ ಲೆಕ್ಚರರ್, ಅಲ್ಲಿಂದ ಪ್ರೊಫೆಸರ್. ನೇರವಾಗಿ ಪಿಎಚ್‌ಡಿಗೆ ಹೋಗಿ ಧರ್ಮಗಳ ಅಧ್ಯಯನ ವಿಭಾಗದಲ್ಲೇ ಉಳಿಯುವ ದಾರಿಯೂ ಇದೆ. ಅದಕ್ಕೆ ಭಾಷೆಗಳು ಬೇಕು, ಪೈಪೋಟಿ ಜಾಸ್ತಿ, ಕೆಳಗೆ ಬಲೆ ಇಲ್ಲ.

ಬೆಂಗಳೂರಿನ ವಿಚಾರ. ಇಲ್ಲಿ ಕಾನೂನು ಬೇರೆ ದಿಕ್ಕಿನದು. ನಮ್ಮ ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧರ್ಮಬೋಧನೆ ಕೂಡದು ಎನ್ನುತ್ತದೆ. ಧರ್ಮಗಳ ಬಗ್ಗೆ ಓದಿಸುವುದು ಬೇರೆ, ಧರ್ಮಬೋಧನೆ ಬೇರೆ ಎಂದು 1964-66ರ ಕೊಠಾರಿ ಆಯೋಗ ಹೇಳಿತ್ತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಅಧ್ಯಯನಕ್ಕೆ 28ನೇ ವಿಧಿ ಅಡ್ಡಬರುವುದಿಲ್ಲ ಎಂದಿತು. ಅಂದರೆ ಬಾಗಿಲು ಮುಚ್ಚಿಲ್ಲ. ಆದರೆ ಶಾಲೆಯಲ್ಲಿ ಇದು ಪ್ರತ್ಯೇಕ ವಿಷಯ ಆಗಲೇ ಇಲ್ಲ. ವಿಷಯ ಇಲ್ಲದ ಮೇಲೆ ಟೀಚರ್ ಯಾಕೆ, ಟೀಚರ್ ಇಲ್ಲದ ಮೇಲೆ ಪ್ರೊಫೆಸರ್ ಯಾಕೆ?

ಇದರಲ್ಲಿ ಒಂದು ವಿಪರ್ಯಾಸ ಇದೆ. ಧರ್ಮ ಮತ್ತು ಶಿಕ್ಷಣ ಎರಡರಲ್ಲೂ ದೊಡ್ಡ ಹೆಸರು ಮಾಡಿದ ಪ್ರೊಫೆಸರ್ ನಮ್ಮವರೇ ಇದ್ದರು. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದರು. ಅವರು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ಸ್ಟೇಷನ್‌ಗೆ ಬಿಟ್ಟರು ಎನ್ನುವ ಕಥೆ ನಿಮಗೂ ಗೊತ್ತಿರುತ್ತದೆ. 1936ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪೂರ್ವದೇಶಗಳ ಧರ್ಮ ಮತ್ತು ನೀತಿಗೆಂದು ಹೊಸದಾಗಿ ಮಾಡಿದ ಸ್ಪಾಲ್ಡಿಂಗ್ ಪೀಠಕ್ಕೆ ಅವರೇ ಮೊದಲ ಪ್ರೊಫೆಸರ್. 1948-49ರಲ್ಲಿ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರಾಗಿ ಅವರು ಕಾಲೇಜುಗಳಿಗೆ ಒಂದು ಕ್ರಮ ಸೂಚಿಸಿದರು. ಮೊದಲ ವರ್ಷ ಬುದ್ಧ, ಯೇಸು, ಶಂಕರ, ಮಹಮ್ಮದ್, ಕಬೀರ್, ನಾನಕ್ ಇಂಥವರ ಬದುಕು. ಎರಡನೇ ವರ್ಷ ಧರ್ಮಗ್ರಂಥಗಳ ಆಯ್ದ ಭಾಗ. ಮೂರನೇ ವರ್ಷ ಧರ್ಮದ ತತ್ವಶಾಸ್ತ್ರ. ಹೆಚ್ಚಿನ ಕಾಲೇಜುಗಳಲ್ಲಿ ಅದು ಕಡತದಲ್ಲೇ ಉಳಿಯಿತು.

ಹಾಗೆಂದು ಭಾರತದಲ್ಲಿ ಏನೂ ಇಲ್ಲ ಎಂದಲ್ಲ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾನಿಲಯದಲ್ಲಿ 1967ರಿಂದ ಧರ್ಮಗಳ ಅಧ್ಯಯನ ವಿಭಾಗ ಇದೆ. ಲ್ಯಾಂಕಾಸ್ಟರ್ ಶುರುವಾದ ವರ್ಷವೇ! ಮೈಸೂರಿನಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ, ಕ್ರೈಸ್ತ ಧರ್ಮದ ಅಧ್ಯಯನ ವಿಭಾಗ ಇವೆ. ಧಾರವಾಡದಲ್ಲಿ ಬಸವೇಶ್ವರ ಪೀಠ ಇದೆ. ಇಂಥ ಕಡೆ ಹುದ್ದೆ ಬೆರಳೆಣಿಕೆ. ಬೆಂಗಳೂರಿನಲ್ಲಿ ಈಗ ಬಂದಿರುವ ಖಾಸಗಿ ಯೂನಿವರ್ಸಿಟಿಗಳ ಶಿಕ್ಷಣ, ಸಮಾಜಶಾಸ್ತ್ರ, ತತ್ವಶಾಸ್ತ್ರ ವಿಭಾಗಗಳ ಕಡೆ ನೋಡುವುದು ಮೇಲು. ಉಲ್ಟಾ ದಾರಿಯಲ್ಲಿ ಹೋದವರೂ ಇದ್ದಾರೆ. ಎಸ್. ಎನ್. ಬಾಲಗಂಗಾಧರ ಬೆಂಗಳೂರಿನಿಂದ ಬೆಲ್ಜಿಯಂಗೆ ಹೋಗಿ ಗೆಂಟ್‌ನಲ್ಲಿ ಪ್ರೊಫೆಸರ್ ಆದರು. ಭಾರತದ ಸಂಪ್ರದಾಯಗಳನ್ನು ರಿಲಿಜನ್ ಎಂಬ ಅಚ್ಚಿನಲ್ಲಿ ಇಟ್ಟು ನೋಡುವುದೇ ತಪ್ಪು ಎಂದು 1994ರಲ್ಲಿ ದಪ್ಪ ಪುಸ್ತಕ ಬರೆದರು. ಅವರ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ನಿಮ್ಮ ಮಗಳು ಅದನ್ನು ಓದದೆ ಈ ವಿಷಯಕ್ಕೆ ಇಳಿಯಬಾರದು. ಸ್ಮಾರ್ಟ್ ಅವರ ಏಳು ಮುಖಗಳನ್ನು ಬಾಯಿಪಾಠ ಮಾಡಿದ ಮೇಲೆ, ಈ ಪಟ್ಟಿ ಯಾರ ಮನೆಯ ಅಳತೆಗೆ ಹೊಲಿದದ್ದು ಎಂದು ಕೇಳುವವರೊಬ್ಬರು ಬೇಕೇ ಬೇಕು.

ಅವಳ ಅಮ್ಮನ ಚಿಂತೆಗೆ ನಾನು ಭರವಸೆ ಕೊಡಲಾರೆ, ಯಾರೂ ಕೊಡಲಾರರು. ನೋಡಿದ್ದನ್ನು ಹೇಳಬಹುದು. ಸ್ಮಾರ್ಟ್ ಬೌದ್ಧ ಧರ್ಮಕ್ಕೆ ಅಷ್ಟು ಹತ್ತಿರ ಹೋಗಿಯೂ ತಮ್ಮ ಚರ್ಚ್ ಬಿಡಲಿಲ್ಲ. ಹಲ್ ಕೊನೆಯವರೆಗೂ ಕ್ರೈಸ್ತರಾಗಿಯೇ ಇದ್ದರು, ಬೈಬಲ್ಲಿನಲ್ಲಿ ಕುರುಡರ ಬಗ್ಗೆ ಇರುವ ಮಾತುಗಳ ಜೊತೆ ಜಗಳವಾಡಿಕೊಂಡು. ನೆಸ್ಬಿಟ್ ಕ್ವೇಕರ್ ಎಂಬ ಕ್ರೈಸ್ತ ಪಂಥದವರಾಗಿದ್ದುಕೊಂಡೇ ಸಿಖ್ಖರ ಬಗ್ಗೆ ಬರೆದರು. ನಂಬಿಕೆ ಕಳೆದುಕೊಂಡವರೂ ಇದ್ದಾರೆ, ಅವರು ಇಂಜಿನಿಯರಿಂಗ್ ಓದಿದ್ದರೂ ಕಳೆದುಕೊಳ್ಳುತ್ತಿದ್ದರೋ ಏನೋ. ಒಂದಂತೂ ಖಂಡಿತ. ಮನೆಯಲ್ಲಿ ಪ್ರಶ್ನೆ ಜಾಸ್ತಿಯಾಗುತ್ತದೆ. ಅಮ್ಮ ಉತ್ತರಕ್ಕೆ ತಯಾರಾಗಿರಲಿ.

ನಿಮಗೂ ಒಂದು ಕೆಲಸ ಹೇಳುತ್ತೇನೆ. ಪ್ರತಿ ಸ್ಥಳೀಯ ಆಡಳಿತದಲ್ಲೂ ಧರ್ಮಶಿಕ್ಷಣಕ್ಕೆ ಒಂದು ಸಲಹಾ ಸಮಿತಿ ಇರಬೇಕು ಎಂದು 1988ರ ಕಾಯ್ದೆ ಹೇಳಿದೆ. ಅದನ್ನು ಸ್ಯಾಕ್ರೆ ಎನ್ನುತ್ತಾರೆ. ಅದರಲ್ಲಿ ಚರ್ಚ್ ಆಫ್ ಇಂಗ್ಲೆಂಡ್, ಶಿಕ್ಷಕರು, ಕೌನ್ಸಿಲ್‌ನವರ ಜೊತೆಗೆ ಇತರ ಧರ್ಮದವರಿಗೂ ಜಾಗ ಇದೆ. ಸಭೆಗಳು ಸಾರ್ವಜನಿಕ, ಮಗಳನ್ನು ಕರೆದುಕೊಂಡು ಒಮ್ಮೆ ಹೋಗಿ ಹಿಂದೆ ಕೂತು ಕೇಳಿ. ಈ ವೃತ್ತಿಯ ಅರ್ಧ ಜೀವ ಅಲ್ಲೇ ಕಾಣುತ್ತದೆ, ಬೋರ್ ಕೂಡ ಆಗುತ್ತದೆ.

ಯೂನಿವರ್ಸಿಟಿ ನೋಡಲು ಓಪನ್ ಡೇಗೆ ಹೋದಾಗ ಮಗಳು ಮೂರು ವಿಷಯ ಕೇಳಲಿ. ಇಲ್ಲಿ ಭಾರತೀಯ ಧರ್ಮಗಳನ್ನು ಪಾಠ ಮಾಡುವ ಕಾಯಂ ಅಧ್ಯಾಪಕರು ಇದ್ದಾರೆಯೇ, ಇದ್ದರೆ ಅವರಿಗೆ ಅಲ್ಲಿನ ಯಾವ ಭಾಷೆ ಬರುತ್ತದೆ? ಕಳೆದ ಕೆಲವು ವರ್ಷಗಳಲ್ಲಿ ಇಲ್ಲಿಂದ ಎಷ್ಟು ಜನ ಆರ್‌ಇ ಪಿಜಿಸಿಇಗೆ ಹೋದರು? ಮುಂದಿನ ಮೂರು ವರ್ಷ ಈ ವಿಭಾಗ ಇದೇ ರೂಪದಲ್ಲಿ ಇರುತ್ತದೆಯೇ? ಮೂರನೆಯದನ್ನು ಕೇಳಲು ಸಂಕೋಚ ಬೇಡ. ಫೀಸು ಕೊಡುವವರು ನೀವು.